ನಾಲ್ಕು ಕೈಗಳ ಮೇಡಂ

ಜನವರಿ 8, ಬುಧವಾರ. ಮಧ್ಯಾಹ್ನ 1.40

ಆಲೂಗಡ್ಡೆ ಎರಡು, ಕಾಂಡ ಸಿಕ್ಕಿಸಿ ಕೊಯ್ಯಲು, ಚೌಕ ಮಾಡಿ ನೀರಿಗೆ ಹಾಕಿದ್ದಾಯಿತು. ಬ್ಲೇಡು ನಾಲ್ಕು, ಹೊಸವು. ಕಾಂಡದ ತುಂಡುಗಳು ಒದ್ದೆ ಬಟ್ಟೆಯಲ್ಲಿವೆ. ಕ್ಯಾಮೆರಾ ಮತ್ತೆ ಜಾರಿತ್ತು. ಸ್ಟ್ಯಾಂಡಿಗೆ ಇನ್ನೆರಡು ರಬ್ಬರ್ ಬ್ಯಾಂಡ್ ಸುತ್ತಿದೆ.

ಎರಡೂವರೆಗೆ ಆನ್‌ಲೈನ್ ಪ್ರಾಕ್ಟಿಕಲ್. ನಮ್ಮ ಕಾಲೇಜಿಗೂ ಸಮುದ್ರದಾಚೆಯ ಒಂದು ಕಾಲೇಜಿಗೂ ಒಪ್ಪಂದವಾಗಿ ಇದು ಎರಡನೇ ವರ್ಷ. ಸಸ್ಯಶಾಸ್ತ್ರದ ಪಾಠ ಅಲ್ಲಿಂದ ನಮ್ಮ ಒಂಬತ್ತು ಮಕ್ಕಳಿಗೆ, ಕೊನೆಗೆ ಅಲ್ಲಿನ ಸರ್ಟಿಫಿಕೇಟ್; ಪ್ರಾಕ್ಟಿಕಲ್ ಇಲ್ಲಿಂದ ಅವರ ಮಕ್ಕಳಿಗೆ. ಅಲ್ಲಿ ಮಷೀನೇ ಕೊಯ್ಯುತ್ತದಂತೆ. ಕೈಯಲ್ಲಿ ಬ್ಲೇಡ್ ಹಿಡಿದು ಕಾಂಡವನ್ನು ತೆಳ್ಳಗೆ ಕೊಯ್ಯುವುದು ಯಾರಿಗೂ ಬಾರದಂತೆ. ಒಂದು ಕ್ಯಾಮೆರಾ ಮೇಡಂ ಮುಖಕ್ಕೆ, ಇನ್ನೊಂದು ಮೇಲಿನಿಂದ ಮೇಜಿಗೆ. ಮುಖ ಮೇಡಂದು, ಮಾತು ಮೇಡಂದು. ಕೈ ಮಾತ್ರ ನನ್ನದು, ಲ್ಯಾಬ್ ಅಟೆಂಡರನದು. ಗ್ಲೌಸ್ ಹಾಕಿರುವುದರಿಂದ ಗೊತ್ತಾಗುವುದಿಲ್ಲ. ಅವರು ಕೇಳಿಲ್ಲ, ನಾವು ಹೇಳಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಈ ಮೇಡಂ ಇಲ್ಲೇ ಫಸ್ಟ್ ಇಯರ್ ಹುಡುಗಿ. ಮೊದಲ ದಿನವೇ ಕಾಂಡ ಬಿಟ್ಟು ಬೆರಳು ಕೊಯ್ದುಕೊಂಡಳು. ಹತ್ತಿ ಇಟ್ಟು ಕಟ್ಟಿದವನು ನಾನು. ಅಂದಿನಿಂದ ನಾನು "ಅಣ್ಣ". ಈಗ ಅವರು ವಿಭಾಗದ ಮುಖ್ಯಸ್ಥೆ, ನಾಲ್ಕು ಜನರ ಮುಂದೆ ನಾನು ಮೇಡಂ ಅನ್ನುತ್ತೇನೆ. ಬರೆಯುವಾಗಲೂ ಮೇಡಂ ಅಂತಲೇ ಬರುತ್ತದೆ.

ಫೆಬ್ರವರಿ 28ಕ್ಕೆ ರಿಟೈರ್. ಇವಳಿಗೆ, ನನ್ನ ಹೆಂಡತಿಗೆ, ಈಗಲೇ ಚಿಂತೆ. "ಮನೇಲಿ ಕೂತು ಏನ್ ಕೊಯ್ತೀರಿ? ಈರುಳ್ಳಿ ಕೊಟ್ರೆ ಆಚೆ ಕಡೆ ಕಾಣೋ ಹಾಗೆ ಹೆಚ್ತೀರಿ. ಬಾಣಲೆಗೆ ಹಾಕಿದ್ರೆ ಮಾಯ!"

ಜನವರಿ 15, ಬುಧವಾರ. ಸಂಜೆ 4.20

ಅಲ್ಲಿ ಮೂವತ್ತೊಂದು ಮಕ್ಕಳು. ನಮಗೆ ಮಧ್ಯಾಹ್ನ, ಅವರಿಗೆ ಬೆಳಿಗ್ಗೆ. ತಲೆ ಕೆದರಿದವರು, ಆಕಳಿಸುವವರು. ಕೆಂಪು ಟೋಪಿ ಹಾಕುವ ಒಬ್ಬ ಹುಡುಗಿ ಇದ್ದಾಳೆ. ಕೊಯ್ದರೆ ಹಲಗೆ. ಮೈಕ್ರೋಸ್ಕೋಪಿನ ಕೆಳಗೆ ಬರೀ ಕತ್ತಲೆ. ಎರಡು ವಾರದಿಂದ ಅಳುಮುಖ.

ತಪ್ಪೇನೆಂದು ನೋಡಿದ ಕೂಡಲೇ ತಿಳಿಯಿತು. ಬ್ಲೇಡನ್ನು ತಳ್ಳುತ್ತಾಳೆ. ನನಗೆ ಮೈಕ್ ಇಲ್ಲ, ಅವರ ಭಾಷೆ ಬರುವುದಿಲ್ಲ. ಮೇಡಂ ಕಡೆ ಬಾಗಿ ಪಿಸುಗುಟ್ಟಿದೆ — "ತಳ್ಳಬೇಡ ಅನ್ನಿ. ಉಸಿರು ಬಿಡ್ತಾ ತನ್ನ ಕಡೆಗೆ ಎಳೀಬೇಕು." ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ಎಲೆ ಅಡಿಕೆಯ ಹಾಗೆ ಮಾತು ಕೈಯಿಂದ ಕೈಗೆ ದಾಟಿ ಅವಳಿಗೆ ತಲುಪಿತು. ಒಂದು ಸಲ ಎಳೆದಳು. ಎರಡು ಸಲ. ನಾಲ್ಕನೆಯದು ನೀರಿನಲ್ಲಿ ತೇಲಿತು, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಹುಡುಗಿ ಕುರ್ಚಿಯಿಂದ ಎದ್ದು ಕುಣಿದಳು.

ಚಾಟ್‌ನಲ್ಲಿ ಬರೆದಳಂತೆ — ಮೇಡಂ ಕೈಗೆ ಮುತ್ತು ಕೊಡಬೇಕು ಅಂತ. ಮೇಡಂ ಓದಿ ಹೇಳಿ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಇದನ್ನು ಹೇಳಲಿಲ್ಲ. ಹೇಳಿದ್ದರೆ ಇವಳು ಗ್ಲೌಸ್ ಬಿಚ್ಚಿ ತೋರಿಸಿ ಅನ್ನುತ್ತಿದ್ದಳು.

ಜನವರಿ 22, ಬುಧವಾರ. 4.00

ಮೇಡಂ ತಲೆಯ ಕ್ಲಿಪ್ ಬಿಚ್ಚಿಹೋಯಿತು. ಪಾಠ ಮಾಡುತ್ತಲೇ ಎರಡೂ ಕೈ ಎತ್ತಿ ಕೂದಲು ಕಟ್ಟಿಕೊಂಡರು. ಪರದೆಯ ಕೆಳಗಿನ ಚೌಕದಲ್ಲಿ ನಾನು ಗ್ಲಿಸರಿನ್ ಹನಿಯ ಮೇಲೆ ಕವರ್ ಸ್ಲಿಪ್ ಗಾಜು ಇಳಿಸುತ್ತಿದ್ದೆ.

ಕೆಂಪು ಟೋಪಿ ನಾಲ್ಕು ಬೆರಳೆತ್ತಿ, ತನ್ನ ಕೈ ತೋರಿಸಿ ಕೇಳಿದಳು — ಮೇಡಂ, ನಿಮಗೆ ನಾಲ್ಕು ಕೈಯಾ?

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಮೇಡಂ ಮುಖ ಮಾತ್ರ ಬಿಳಿಚಿತು. ಏನೋ ಅಂದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ. ರೆಕಾರ್ಡಿಂಗ್.

ಮೊದಲೇ ಮಾಡಿಟ್ಟ ರೆಕಾರ್ಡಿಂಗ್ ಅಂತೆ ನನ್ನ ಕೈ.

ಕೈ ಗಾಳಿಯಲ್ಲೇ ನಿಂತಿತು. ಆಡಿಸಬೇಕೋ ಬಾರದೋ ತಿಳಿಯಲಿಲ್ಲ. ಆಡಿಸಿದರೂ ಕಷ್ಟ, ನಿಲ್ಲಿಸಿದರೂ ಕಷ್ಟ. ಹತ್ತು ನಿಮಿಷ ಮೊದಲೇ ಕ್ಲಾಸ್ ಮುಗಿಸಿದರು. ನನ್ನ ಕಡೆ ನೋಡಲಿಲ್ಲ. ಗಾಜಿನ ಬಟ್ಟಲುಗಳನ್ನೆಲ್ಲ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ಬೇಜಾರಾಗಿದೆ. ಈ ವಯಸ್ಸಿನಲ್ಲಿ ಇಷ್ಟು ಬೇಜಾರಾಗಬಾರದು. ಆಗಿದೆ.

ಜನವರಿ 23

ಮೇಡಂ ಬಂದರು. ಬೀರುವಿನ ಕೀ ತೆಗೆದುಕೊಂಡು ಹೋದರು. ಅಣ್ಣ ಅನ್ನಲಿಲ್ಲ.

ಜನವರಿ 28, ಮಂಗಳವಾರ

ರಜಾ ಚೀಟಿ ಕೊಟ್ಟು ಬಂದೆ. ಕಾರಣ: ಕೈ ನೋವು. ಹನ್ನೊಂದು ವರ್ಷದಲ್ಲಿ ಮೊದಲ ರಜೆ.

ಇವಳು ಮುಲಾಮು ತಂದು ಪಕ್ಕದಲ್ಲಿ ಕೂತಳು. ಎರಡೂ ಕೈ ತಿರುಗಿಸಿ ನೋಡಿದಳು. "ಇಲ್ಲೇನೂ ಆಗಿಲ್ಲ. ನೋವಿರೋ ಜಾಗ ತೋರ್ಸಿ, ಅಲ್ಲಿಗೆ ಹಚ್ತೀನಿ." ಎಲ್ಲಾ ಹೇಳಿಬಿಟ್ಟೆ. ಅವಳು ಮೇಡಮ್ಮಿಗೆ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ಪಾಪ, ನಿಮ್ಮ ಆ ಮೇಡಂ ಹುಡುಗಿಗೆ ಎಷ್ಟು ಭಯ ಆಗಿರ್ಬೇಕು" ಅಂದಳು. ನಾನು ಅದನ್ನು ಯೋಚಿಸಿರಲೇ ಇಲ್ಲ.

ಫೆಬ್ರವರಿ 1, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದ ಸದ್ದು. ಮೇಡಂ. ಎಡಗೈ ತೋರುಬೆರಳಿಗೆ ಬ್ಯಾಂಡೇಜು.

ಬುಧವಾರ ನಾನಿರಲಿಲ್ಲವಲ್ಲ, ತಾವೇ ಕೊಯ್ಯಲು ಹೋಗಿದ್ದಾರೆ. ಮೂವತ್ತೊಂದು ಮಕ್ಕಳ ಮುಂದೆ, ಅದೇ ಬೆರಳು, ಅದೇ ಜಾಗ. ಇಪ್ಪತ್ತೆರಡು ವರ್ಷ ಕಲಿತ ವಿದ್ಯೆ! ಬಯ್ಯಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. "ಔಷಧಿ ಹಾಕಿಸ್ಕೊಂಡ್ಯೇನಮ್ಮಾ?"

ಅಷ್ಟಕ್ಕೇ ಅತ್ತುಬಿಟ್ಟರು.

"ಪ್ರಾಕ್ಟಿಕಲ್ ಮಾಡ್ಸೋರಿಗೆ ಎಂ.ಎಸ್ಸಿ. ಆಗಿರ್ಬೇಕು ಅಂತ ಒಪ್ಪಂದದಲ್ಲಿದೆ ಅಣ್ಣ. ಗೊತ್ತಾದ್ರೆ ಎಲ್ಲಾ ನಿಲ್ಲಿಸಿಬಿಡ್ತಾರೇನೋ ಅಂತ ಹೆದರ್ಕೊಂಡೆ. ಬಾಯಿಗೆ ಬಂದಿದ್ದು ಅಂದೆ. ನಿಮ್ಮ ಕೈ ಅಲ್ಲೇ ನಿಂತ್ಬಿಡ್ತಲ್ಲ... ಅದೇ ಕಣ್ಮುಂದೆ ಬರುತ್ತೆ."

"ಆಯ್ತು ಬಿಡಿ, ಆಗಿದ್ದು ಆಯ್ತು."

"ಬಿಡೋಕಾಗಲ್ಲ. ನಿನ್ನೆ ಅಲ್ಲಿನ ಮೇಷ್ಟ್ರಿಗೆ ಎಲ್ಲಾ ಬರೆದು ಕಳಿಸ್ಬಿಟ್ಟೆ. ಒಪ್ಪಂದ ಹೋದ್ರೆ ಹೋಗ್ಲಿ."

ಆಗ ನನಗೆ ನಿಜವಾಗಿ ಸಿಟ್ಟು ಬಂತು. "ಹೋಗ್ಲಿ ಅನ್ನೋಕೆ ಅದೇನು ಒಡೆದ ಸ್ಲೈಡಾ? ನಮ್ಮ ಒಂಬತ್ತು ಮಕ್ಕಳ ಸರ್ಟಿಫಿಕೇಟ್ ಅದರ ಮೇಲಿದೆ!" ಇವಳು ಒಳಗಿಂದ ಕಾಫಿ ತಂದಳು. ಮೂವರೂ ಕುಡಿದೆವು. ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತು ಅಂದರು, "ನೀವಿಲ್ದೆ ನಂಗೆ ಎರಡೇ ಕೈ ಅಣ್ಣ. ಅವೂ ಕೆಲಸಕ್ಕೆ ಬರಲ್ಲ."

ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ.

ಫೆಬ್ರವರಿ 5, ಬುಧವಾರ

ಎರಡೂವರೆ. ಕ್ಲಾಸ್ ಇಲ್ಲ. ಅಲ್ಲಿಂದ ಒಂದು ಸಾಲು ಬಂದಿದೆಯಂತೆ — ಸಮಿತಿ ನೋಡುತ್ತಿದೆ, ಅಲ್ಲಿಯವರೆಗೆ ತರಗತಿ ಬೇಡ. ಪ್ರಿನ್ಸಿಪಾಲರು ಮೇಡಂನ ಕರೆಸಿ, "ಕೆರೆದು ಹುಣ್ಣು ಮಾಡ್ಕೊಂಡ್ರಲ್ಲ" ಅಂದರಂತೆ. ನಮ್ಮ ಒಂಬತ್ತು ಮಕ್ಕಳು ಲ್ಯಾಬ್ ಬಾಗಿಲವರೆಗೆ ಬಂದು ಇಣುಕಿ ಹೋದರು. ಆಲೂಗಡ್ಡೆ ಚೌಕ ಮಾಡಿ ಇಟ್ಟಿದ್ದೆ. ಕಪ್ಪಾದವು.

ಫೆಬ್ರವರಿ 12, ಬುಧವಾರ

ಇಲ್ಲ.

ಫೆಬ್ರವರಿ 17, ಸೋಮವಾರ. 11.30

ಉತ್ತರ ಬಂತು! ಮೇಡಂ ಮೆಟ್ಟಿಲು ಹತ್ತಿ ಓಡಿಬಂದು ಏದುಸಿರಿನಲ್ಲೇ ಓದಿದರು. ನಿಯಮ ಬದಲಿಸಲು ಆಗುವುದಿಲ್ಲವಂತೆ. ಆದರೆ ಒಪ್ಪಂದದ ಕೊನೆಯ ಪುಟದಲ್ಲಿ ಅತಿಥಿ ತಜ್ಞರು ಅಂತ ಒಂದು ಮಾತಿದೆಯಂತೆ. ಇಪ್ಪತ್ತೈದು ವರ್ಷ ಅನುಭವವಿದ್ದರೆ ಸಾಕು, ಡಿಗ್ರಿ ಬೇಡ. ಅಲ್ಲಿನ ಮೇಷ್ಟ್ರೇ ಹುಡುಕಿ ತೆಗೆದದ್ದು. ಒಂದು ಫಾರಂ ತುಂಬಿದರೆ 26ಕ್ಕೆ ಕೊನೆಯ ಕ್ಲಾಸ್ ನಡೆಯುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ.

ಅನುಭವ: ಮೂವತ್ನಾಲ್ಕು ವರ್ಷ. ಸರಿ.

ವಿದ್ಯಾಭ್ಯಾಸ: ಮೇಡಂ ಪೆನ್ ಎತ್ತಿ ನಿಂತರು. "ಇದನ್ನ ಖಾಲಿ ಬಿಡೋಣ ಅಣ್ಣ."

"ಬೇಡ. ಮುಚ್ಚಿಟ್ಟಿದ್ದು ಸಾಕು. ಹತ್ತನೇ ಕ್ಲಾಸ್ ಫೇಲ್ ಅಂತ ಬರೀರಿ. ಬರೀ ಗಣಿತದಲ್ಲಿ ಅಂತಾನೂ ಸೇರಿಸಿ."

ಎಷ್ಟು ಜನರಿಗೆ ಕಲಿಸಿದ್ದೀರಿ? — ಕೊನೆಯ ಪ್ರಶ್ನೆ. ಯಾರಿಗೂ ಇಲ್ಲ ಅಂದೆ. ಕಲಿಸುವವರು ಲೆಕ್ಚರರು, ನಾನು ಪಕ್ಕದಲ್ಲಿ ನಿಂತಿರುವವನು. ಮೇಡಂ ನನ್ನನ್ನೇ ನೋಡಿದರು. ಬ್ಯಾಂಡೇಜ್ ಬಿಚ್ಚಿದ ಬೆರಳು ನನ್ನ ಮುಂದೆ ಹಿಡಿದರು. ಹಳೆಯ ಕಲೆಯ ಪಕ್ಕದಲ್ಲೇ ಹೊಸದು. "ಮೊದಲು ಇದನ್ನ ಎಣಿಸಿ, ಆಮೇಲೆ ಇಲ್ಲ ಅನ್ನಿ."

ಮೂವತ್ನಾಲ್ಕು ಬ್ಯಾಚು ಅಂತ ಬರೆದರು. ಕಣ್ಣು ತುಂಬಿತು. ಕಿಟಕಿ ಮುಚ್ಚುವ ನೆಪದಲ್ಲಿ ಎದ್ದು ಹೋದೆ.

ಫೆಬ್ರವರಿ 26, ಬುಧವಾರ. ಮಧ್ಯಾಹ್ನ 1.50

ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಗದ್ದ ಕೊಯ್ದುಕೊಂಡೆ. ಇವಳಿಗೆ ನಗು ತಡೆಯಲಾಗಲಿಲ್ಲ. "ಮೂವತ್ನಾಲ್ಕು ವರ್ಷ ಬ್ಲೇಡ್ ಹಿಡಿದೋರು ನೋಡಿ!" ಶರ್ಟಿಗೆ ಎರಡು ಸಲ ಇಸ್ತ್ರಿ ಹಾಕಿದ್ದಾಳೆ. ಗ್ಲೌಸ್ ಬೇಡ ಅಂದಿದ್ದಾರೆ ಮೇಡಂ.

4.30

ಕ್ಯಾಮೆರಾ ಕೈಯಿಂದ ಮೇಲಕ್ಕೆ ತಿರುಗಿಸಿದರು. ಪರದೆಯ ಮೇಲೆ ನನ್ನ ಮುಖ, ಗದ್ದದ ಮೇಲೆ ಹತ್ತಿ. ಮೇಡಂ ಮೊದಲೇ ಹೇಳಿಬಿಟ್ಟರು — ಅವತ್ತು ನಾನು ಸುಳ್ಳು ಹೇಳಿದೆ, ಕೈ ಇವರದು, ನನಗೂ ಇವರೇ ಕಲಿಸಿದ್ದು. ಆಮೇಲೆ ಕೆಂಪು ಟೋಪಿ, "ಹಾಗಾದ್ರೆ ರೆಕಾರ್ಡಿಂಗ್ ಮಾತಾಡುತ್ತಾ?" ಅಂದಳಂತೆ. ನಕ್ಕೂ ನಕ್ಕೂ ಸಾಕಾಯಿತು. ಹೆದರಿಕೆಯೂ ಹೋಯಿತು.

ಏನಂತ ಕರೆಯಬೇಕು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ಅಣ್ಣ."

ಅವರ ನಾಲಿಗೆಗೆ ಣ ಬರುವುದಿಲ್ಲ. ಮೂವತ್ತೊಂದು ಬಾಯಿ ಒಟ್ಟಿಗೆ — "ಅನ್ನ!" ಮೇಡಂ ತಿದ್ದಿದರು. ಮತ್ತೆ ಅನ್ನ. ಮೂರನೇ ಸಲವೂ ಅನ್ನ. ಬಿಡಿ ಅಂದೆ. ಅನ್ನ ಅನ್ನಿಸಿಕೊಂಡರೆ ಏನು ಕಡಿಮೆಯಾಯಿತು?

ಒಬ್ಬೊಬ್ಬರೂ ತಮ್ಮ ಸ್ಲೈಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಅನ್ನ, ಅನ್ನ, ಅನ್ನ. ಕೆಂಪು ಟೋಪಿಯದರಲ್ಲಿ ನನಗೆ ಏನೂ ಕಾಣಲಿಲ್ಲ. ಅಷ್ಟು ತೆಳು. ಮೈಕ್ ನನ್ನ ಮುಂದೆ ಇತ್ತು. "ಭೇಷ್" ಅಂದೆ. ಅದನ್ನು ಮೇಡಂ ಭಾಷಾಂತರ ಮಾಡಲಿಲ್ಲ.

ಫೆಬ್ರವರಿ 28, ಶುಕ್ರವಾರ. ಮಧ್ಯಾಹ್ನ 3.10

ಕೀ ಗೊಂಚಲು ಒಪ್ಪಿಸಿದ್ದಾಯಿತು. ಬ್ಲೇಡ್, ಬ್ರಷ್, ಗ್ಲಿಸರಿನ್ ಪಟ್ಟಿ ಮಾಡಿಕೊಟ್ಟೆ. ನಮ್ಮ ಮಕ್ಕಳು ಸರ್ಟಿಫಿಕೇಟ್ ತೋರಿಸಲು ಬಂದಿದ್ದರು, ಒಂಬತ್ತೂ ಜನ. ಈ ರೆಕಾರ್ಡ್ ಪುಸ್ತಕದಲ್ಲಿ ಇನ್ನು ಅರ್ಧ ಪುಟ ಉಳಿದಿದೆ. ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಮೇಡಂ ಲ್ಯಾಪ್‌ಟಾಪ್ ಹಿಡಿದು ಬಂದರು. ಇವತ್ತು ಬುಧವಾರ ಅಲ್ಲವಲ್ಲ ಅಂದೆ. "ಕ್ಲಾಸ್ ಅಲ್ಲ ಅಣ್ಣ. ಅವಳೊಬ್ಳೇ. ಬೇರು ಕೊಯ್ಯೋದು ಬರ್ತಾ ಇಲ್ವಂತೆ, ನಿಮ್ಮನ್ನೇ ಕೇಳ್ಬೇಕಂತೆ. ಮುಂದಿನ ವಾರದಿಂದ ಇನ್ನೂ ಆರು ಜನ ಬರ್ತಾರಂತೆ. ನೀವು ಮನೆಯಿಂದ್ಲೇ ಹೇಳ್ಕೊಡ್ಬಹುದು."

ಲ್ಯಾಪ್‌ಟಾಪನ್ನು ಮೇಜಿನ ಆ ತುದಿಯಲ್ಲಿ ಇಟ್ಟಿದ್ದಾರೆ. ಕೆಂಪು ಟೋಪಿ ತಲೆ ಬಗ್ಗಿಸಿ ಕೂತಿದ್ದಾಳೆ. ಅನ್ನಾ, ಅನ್ನಾ ಅಂತ ಕೂಗುತ್ತಲೇ ಬ್ಲೇಡ್ ಎತ್ತಿಕೊಂಡಳು. ಅಯ್ಯೋ, ಇಲ್ಲಿಂದಲೇ ಕಾಣುತ್ತಿದೆ, ಮತ್ತೆ ತಳ್ಳುತ್ತಿದ್ದಾಳೆ. ಉಸಿರು ಬಿಡ್ತಾ ಎಳೀಬೇಕು ಅಂತ ಎಷ್ಟು ಸಲ