ಆ ಸರಣಿಯ ತಾಯಿ

ಜ್ಯೋತ್ಸ್ನಾ,

ಹಲಗೇರಿ ರಸ್ತೆಯ ಅಪಘಾತದಲ್ಲಿ ನೀನು ಹೋಗಿ ಎಂಟು ತಿಂಗಳಾಯಿತು. ನೀನು ಕೋಣೆಯ ಬಾಗಿಲು ಹಾಕಿಕೊಂಡು ನೋಡುತ್ತಿದ್ದ ಆ ಜಪಾನಿನ ಅನಿಮೆ ಕಾರ್ಟೂನ್ ಸರಣಿಯನ್ನು ಇವತ್ತು ನಿನ್ನ ತಂಗಿ ಪ್ರಿಯಂವದಾಳ ಜೊತೆ ಕೂತು ಮುಗಿಸಿದೆ. ಹನ್ನೆರಡೂ ಕಂತು ನೋಡಿದೆ.

ಚಿತ್ರ ಬಿಡಿಸಿದವರ ಕೈಚಳಕ ದೊಡ್ಡದು. ರೈಲು ನಿಲ್ದಾಣದ ಸಂಜೆ ನಮ್ಮ ರಾಣೆಬೆನ್ನೂರಿನದೇ ಅನ್ನಿಸಿತು. ಸಂಗೀತವೂ ಹಿತವಾಗಿದೆ. ನಡುವಿನ ಮೂರು ಕಂತು ಸುಮ್ಮನೆ ಎಳೆದಿದ್ದಾರೆ, ಅದನ್ನು ಕ್ಷಮಿಸಬಹುದು. ನನಗೆ ಒಪ್ಪಿಗೆಯಾಗದ್ದು ಕಥೆಯ ನಾಯಕಿಯಾದ ಹುಡುಗಿಯ ತಾಯಿಯ ಪಾತ್ರ. ಮಗಳು ಏನು ಹೇಳಲು ಬಂದರೂ ಅವಳು ತಲೆ ಎತ್ತುವುದಿಲ್ಲ. ಬಾಯಿ ತೆರೆದರೆ ಅಂಕಗಳ ಮಾತು.

“ಇಂಥಾ ತಾಯಿ ಎಲ್ಲಿರ್ತಾಳ? ಕಥಿ ಬರದವರ ತಪ್ಪಿದು,” ಅಂದೆ.

ಪ್ರಿಯಂವದಾ ಟೀವಿ ಆರಿಸಿದಳು.

“ಅಕ್ಕಗ ಇದರಾಗ ಭಾಳ ಖರೇ ಅನ್ಸಿದ್ದು ಆ ತಾಯೀನ ಅವ್ವಾ. ನಿನಗ ತೋರಸಬೇಕಂತ ಒಮ್ಮೆ ಕರಿಯಾಕ ಬಂದಿದ್ಲು. ನೀ ಸಾಲಿ ಪೇಪರ್ ತಿದ್ದಾಕತ್ತಿದ್ದಿ.”

ಅವಳು ಎದ್ದು ಒಳಗೆ ಹೋದಳು.

ನೀನು ಕರೆಯಲು ಬಂದದ್ದು ಯಾವ ದಿನ, ನಾನು ಏನಂದು ಕಳಿಸಿದೆ ಎಂದು ಆಗಿನಿಂದ ಯೋಚಿಸುತ್ತ ಕೂತಿದ್ದೇನೆ. ಏನೂ ನೆನಪಾಗುತ್ತಿಲ್ಲ.