ಮಿಂಚುವ ನಾರಿನ ಕುರ್ಚಿ ಮತ್ತು ಸರ್ವಮಂಗಳಮ್ಮನವರ ತೂಕ

ಖರೀದಿ ಸಮಿತಿಯ ಮಾನ್ಯ ಅಧಿಕಾರಿಗಳೇ,

ಹೆಬ್ಬೂರಿನ ಅಂಗನವಾಡಿಗೆ ನೀವು ಕೊಂಡುಕೊಟ್ಟ ಕುರ್ಚಿ ಮುರಿದು, ಅಲ್ಲಿನ ಟೀಚರು ಸರ್ವಮಂಗಳಮ್ಮನವರು ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಕಾರಣ 'ಕುಳಿತವರ ಅಧಿಕ ತೂಕ' ಎಂದು ಬರೆದು ನೀವು ಕಡತ ಮುಚ್ಚಿದಿರಿ. ಆಹಾ, ಎಂಥಾ ತನಿಖೆ! ಕುರ್ಚಿಯದು ಏನೂ ತಪ್ಪಿಲ್ಲ, ಅದರ ಮೇಲೆ ಕೂತದ್ದೇ ತಪ್ಪು!

ಹೋದ ವರ್ಷ, ೨೦೦೩ರಲ್ಲಿ, ತೆಂಗಿನ ನಾರು ಬೆರೆಸಿದ ಪ್ಲಾಸ್ಟಿಕ್ ಕುರ್ಚಿಗಳಿಗೆ ನೀವು ಟೆಂಡರ್ ಕರೆದಾಗ ಸತ್ಯಮಂಗಲದ ನನ್ನ ಸಣ್ಣ ಕಾರ್ಖಾನೆಯಿಂದ ನಾನೂ ಮಾದರಿ ತಂದಿದ್ದೆ. ಚೇಳೂರಿನ ನಾರನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ತೊಳೆದು, ಗರಿಗರಿಯಾಗಿ ಒಣಗಿಸಿದ್ದೆ. ಹಾಗೆ ಮಾಡಿದರೆ ನಾರಿನ ಮೇಲಿನ ಮೇಣ ಹೋಗಿ ಮೈ ತರಿತರಿಯಾಗುತ್ತದೆ, ಕರಗಿದ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳಲು ಜಾಗ ಸಿಗುತ್ತದೆ. ನೀವು ಮಾಡಿದ್ದೇನು? ಸೀರೆ ಆರಿಸುವವರಂತೆ ನಾರನ್ನು ಅಂಗೈಯಲ್ಲಿ ಉಜ್ಜಿ, "ಏನ್ರೀ ಇದು, ಮಂಕು ಹಿಡ್ದಂಗಿದೆ? ಅವರದ್ದು ನೋಡ್ರೀ, ಹೆಂಗ್ ಮಿಂಚ್ತಾ ಇದೆ!" ಅಂದು ಟೆಂಡರನ್ನು ಆ ಇನ್ನೊಬ್ಬರಿಗೇ ಕೊಟ್ಟಿರಿ. ಮಿಂಚುತ್ತಿದ್ದದ್ದು ಅವರು ತೆಗೆಯದೆ ಬಿಟ್ಟ ಮೇಣ, ಸ್ವಾಮಿ! ಎಣ್ಣೆ ಸವರಿದ ಗೋಡೆಗೆ ಗಾರೆ ನಿಲ್ಲುತ್ತದೆಯೇ?

ಟೆಂಡರ್ ತಪ್ಪಿದ ಹೊಟ್ಟೆಕಿಚ್ಚು ಎನ್ನುತ್ತೀರಿ. ಹೌದು, ಹೊಟ್ಟೆ ಉರಿಯುತ್ತಿದೆ. ಮುರಿದ ಕುರ್ಚಿಯನ್ನು ನಾನೇ ಹೋಗಿ ನೋಡಿದೆ. ಮುರಿದ ಕಡೆ ನಾರು ತುಂಡಾಗಿರಲಿಲ್ಲ. ಎಳೆಎಳೆಯೂ ಚೂರೂ ಪ್ಲಾಸ್ಟಿಕ್ ಅಂಟಿಸಿಕೊಳ್ಳದೆ ನುಣ್ಣಗೆ ಜಾರಿ ಹೊರಬಂದಿತ್ತು. ಹಿಡಿತವಿದ್ದರೆ ತಾನೇ ನಾರು ಭಾರ ಹೊರುವುದು? ಹಿಡಿತವಿಲ್ಲದ ನಾರು ಕುರ್ಚಿಯೊಳಗಿನ ಕಸ ಅಷ್ಟೇ.

ಸರ್ವಮಂಗಳಮ್ಮನವರು ಕೈಗೆ ಪಟ್ಟಿ ಹಾಕಿಸಿಕೊಂಡು ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದರು. ಪಕ್ಕದ ಮನೆಯಿಂದ ಮರದ ಕುರ್ಚಿ ತರಿಸಲೇ ಅಂದೆ. "ಬ್ಯಾಡ ಕಣವ್ವ. ನಾನೇ ದಪ್ಪ ಅಂತ ಸಾಹೇಬ್ರೇ ಬರ್ದವ್ರಂತಲ್ಲ! ಅವತ್ತು ತೊಡೆ ಮೇಲೆ ಒಂದು ಮಗು ಇತ್ತು. ಅದುಕ್ಕೇನಾರಾ ಆಗಿದ್ರೆ ಏನ್ ಗತಿ? ಇನ್ನು ಕುರ್ಚಿ ಸಾವಾಸ ಬುಡು" ಅಂದರು. ಆಕೆ ನಿಮ್ಮ ಮಾತನ್ನು ನಂಬಿಬಿಟ್ಟಿದ್ದಾರೆ!

ಗುಬ್ಬಿ, ಕುಣಿಗಲ್ ಕಡೆಯ ಅಂಗನವಾಡಿಗಳಲ್ಲೂ ಇದೇ ಕುರ್ಚಿಗಳಿವೆ. ಇನ್ನೆಷ್ಟು ಕೈ ಮುರಿಯಬೇಕು? ಸೋಮವಾರ ಬಾಗಿಲು ತೆಗೆಯುವ ಮೊದಲು ಅವನ್ನೆಲ್ಲ ಹೊರಗೆ ಹಾಕಿಸಿ. ಮುಚ್ಚಿದ ಕಡತ ತೆರೆದು, ತಪ್ಪು ಕುರ್ಚಿಯದು, ಅದನ್ನು ಆರಿಸಿದ ನಮ್ಮದು ಎಂದು ಬರೆಯಿರಿ. ಆಮೇಲೆ ಹೆಬ್ಬೂರಿಗೆ ಬಂದು, ಆ ತಾಯಿಯ ಎದುರು ನೆಲದ ಮೇಲೆ ಕೂತು, ಅದನ್ನು ಗಟ್ಟಿಯಾಗಿ ಓದಿ.

ಇಂತಿ,
ನಿಮ್ಮಿಂದ ಇಷ್ಟನ್ನಾದರೂ ನಿರೀಕ್ಷಿಸುವಷ್ಟು ದಡ್ಡಿಯಾದ
ನಂದಿತಾ
ಸತ್ಯಮಂಗಲ, ತುಮಕೂರು