ಅವ್ವನ ಹುಲಿ

ಫೆಬ್ರವರಿ 7, ಶುಕ್ರವಾರ

ಖಡಕ್ ರೊಟ್ಟಿ ಕಟ್ಟಿಯಾಯಿತು. ಶೇಂಗಾ ಚಟ್ನಿ, ಕೆಂಪು ಖಾರ, ಮೊಸರಿನ ಡಬ್ಬಿ. ಕಾರಿನ ಡಿಕ್ಕಿಯಲ್ಲಿ ಬಟ್ಟೆಗಿಂತ ಬುತ್ತಿಯೇ ಹೆಚ್ಚು. ಇವರು ನೋಡಿ, “ಉಮಾ, ಹುಲಿಗೂ ಕಟ್ಟೀಯೇನು?” ಎಂದರು. ಇವರ ನಾಲಿಗೆಗೆ ರಜೆ ಇಲ್ಲ.

ದಾಂಡೇಲಿ, ನಾಗರಹೊಳೆ, ಬಂಡೀಪುರ. ಒಂದು ವಾರ. ಎಲ್ಲ ನನ್ನ ಅವ್ವನಿಗಾಗಿ. ಅವಳ ಎಡಗಣ್ಣು ಹೋದ ವರ್ಷವೇ ಹೋಯಿತು. ಬಲಗಣ್ಣಿನ ಆಪರೇಷನ್ ಬರುವ ತಿಂಗಳು, ಡಾಕ್ಟರು ಖಾತ್ರಿ ಕೊಡುತ್ತಿಲ್ಲ. ಅದಕ್ಕೂ ಮೊದಲು ಏನು ನೋಡಬೇಕವ್ವಾ ಎಂದು ಕೇಳಿದ್ದೆ. ಕಾಶಿ ಅನ್ನುತ್ತಾಳೆ, ಶ್ರೀಶೈಲ ಅನ್ನುತ್ತಾಳೆ ಅಂದುಕೊಂಡೆ. “ಹುಲಿ” ಅಂದಳು. “ಟಿವ್ಯಾಗ ನೋಡೇನಿ. ಖರೇದು ಹೆಂಗಿರತೈತಿ ನೋಡಬೇಕು.”

ನಮ್ಮೂರು ಮುಗದದ ಹೊಲ ಬಿಟ್ಟು ಕದಲದವಳು. ಹುಲಿಯಂತೆ!

ಫೆಬ್ರವರಿ 9, ರವಿವಾರ, ದಾಂಡೇಲಿ, ಮಧ್ಯಾಹ್ನ

ಏನು ಬರೆಯಲಿ... ಸಿಟ್ಟು ಯಾರ ಮೇಲೆ ಮಾಡಲಿ?

ಬೆಳಿಗ್ಗೆ ಸಫಾರಿ. ಗೀಸರ್ ಕೈಕೊಟ್ಟಿತು. ನೀರು ಕಾಯಿಸಿ ತರಿಸುವಷ್ಟರಲ್ಲಿ ಜೀಪಿನ ಹಾರ್ನ್. ಅವ್ವನ ಸ್ನಾನವಾಯಿತು, ಲಿಂಗಪೂಜೆ ಆಗಲಿಲ್ಲ. ಪೂಜೆಯಿಲ್ಲದೆ ಅವಳು ಹನಿ ನೀರೂ ಮುಟ್ಟುವವಳಲ್ಲ. “ಜೀಪನ್ಯಾಗ ಮಾಡಿಕೋತೇನಿ, ನಡೀರಿ” ಎಂದು ಮುಂದಿನ ಸೀಟು ಹಿಡಿದಳು. ನಾವಿಬ್ಬರೂ ಹಿಂದೆ.

ಹಳ್ಳದ ಹತ್ತಿರ ಜೀಪು ನಿಂತಿತು. ಗೈಡ್ ಅಸದ ಬಾಯಿಗೆ ಬೆರಳಿಟ್ಟು, “ಯಾರೂ ಮಾತಾಡಬ್ಯಾಡ್ರಿ” ಎಂದ. ಎಲ್ಲರೂ ಗಪ್ಪು. ಅವ್ವನಿಗೆ ಇದಕ್ಕಿಂತ ಛಲೋ ಹೊತ್ತು ಬೇಕೆ? ವಿಭೂತಿ ಹಚ್ಚಿದಳು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟಳು. ದೃಷ್ಟಿ ನೆಟ್ಟಳು.

ಆಗ ಬಂತು. ಬಿದಿರಿನ ಮೆಳೆಯಿಂದ ನೇರ ನಮ್ಮೆದುರಿಗೆ. ಎಂಥ ಗತ್ತು! ನಿಂತು ನೀರು ಕುಡಿಯಿತು.

ಅವ್ವನ ಸೆರಗು ಹೊದ್ದ ತಲೆ ಬಾಗಿಯೇ ಇತ್ತು. ಮುಟ್ಟಿ ಹೇಳಲೇ? ಲಿಂಗ ಕೈಯಲ್ಲಿದ್ದಾಗ ಅವಳನ್ನು ಮುಟ್ಟುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಅಷ್ಟರಲ್ಲಿ ಹುಲಿ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ. ಇಲ್ಲಿ ಪೂಜೆಯೇ ಅಡ್ಡ ಬಂತು.

ಪೂಜೆ ಮುಗಿಸಿ ಹಿಂದೆ ತಿರುಗಿದಳು. “ಎಷ್ಟ ಶಾಂತ ಕುಂತಿದ್ರಿ ಎಲ್ಲಾರೂ. ನಿಮಗ ಪುಣ್ಯಾ ಬರಲಿ.”

ಅಸದ ಬಾಯಿ ತೆರೆಯುವಷ್ಟರಲ್ಲಿ ಇವರು ಕಣ್ಣುಸನ್ನೆ ಮಾಡಿ ತಡೆದರು. ಹೇಳಿದರೆ ಅವಳ ಎದೆ ಒಡೆಯುತ್ತದೆ. ಆಮೇಲೆ ನನ್ನನ್ನು ಕರೆದು, “ಇನ್ನೂ ಎರಡ ಕಾಡ ಅದಾವ. ಅತ್ತಿಯವರಿಗೆ ತೋರಿಸೇ ತೀರತೇನಿ” ಎಂದರು.

ಫೆಬ್ರವರಿ 11, ಮಂಗಳವಾರ, ನಾಗರಹೊಳೆ

ನಿನ್ನೆ ದಿನವೆಲ್ಲ ದಾರಿ. ಗಬ್ಬೂರ ಬೈಪಾಸಿನಲ್ಲಿ ಚಹಾ, ಆಮೇಲೆ ಅವ್ವನ ಗೊರಕೆ.

ಇವತ್ತು ಬೆಳಿಗ್ಗೆ ಒಂದು ಸಫಾರಿ, ಸಂಜೆ ಇನ್ನೊಂದು. ಆನೆ ಕಂಡವು, ಮರಿ ಸಮೇತ. ಕಾಟಿ ಎನ್ನುವ ಕಾಡುಕೋಣ. ಜಿಂಕೆ ಬೇಕಾದಷ್ಟು. ಅವ್ವ ಸಣ್ಣ ಹುಡುಗಿಯಂತೆ ನಗುತ್ತಾಳೆ. “ಅಳಿಯಾಂದ್ರ, ಸಾಕಲ್ರಿ ಇಷ್ಟು. ಜಿಂಕಿ ಭಾಳ ಚಂದ ಅದಾವು.” ಇವರು ಕೇಳಬೇಕಲ್ಲ! “ಹುಲಿ ನೋಡದ ಹೋಗೂದಿಲ್ರಿ ಅತ್ತಿ.” ಅವ್ವ ಮತ್ತೆ ಜಿಂಕೆಗಳ ಕಡೆ ತಿರುಗಿದಳು.

ಅವಳೊಂದಿಗೆ ಇಷ್ಟು ದಿನ ಇದ್ದು ಎಷ್ಟು ವರ್ಷವಾಗಿತ್ತೋ. ಸುಖವಾಗಿದೆ. ಆದರೆ ಅವಳು ಕಣ್ಣು ಕಿರಿದು ಮಾಡಿ ಕಾಡು ನೋಡಿದಾಗೆಲ್ಲ ನಾನು ಬೇರೆ ಕಡೆ ಮುಖ ತಿರುಗಿಸುತ್ತೇನೆ.

ಫೆಬ್ರವರಿ 13, ಗುರುವಾರ, ಬಂಡೀಪುರ, ಸಂಜೆ

ಕೊನೆಯ ಸಫಾರಿಯೂ ಮುಗಿಯಿತು. ನವಿಲು. ಅಷ್ಟೇ.

ಇವರು ಮೋರೆ ಇಳಿಬಿಟ್ಟು ಆಫೀಸಿನ ಕಡೆ ಹೋದರು. ವರಾಂಡದಲ್ಲಿ ನಾನು, ಅವ್ವ. ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ — ಅವ್ವಾ, ದಾಂಡೇಲಿಯೊಳಗ ನೀ ಪೂಜಿ ಮಾಡಾಕತ್ತಾಗ ಹುಲಿ ಬಂದಿತ್ತು.

ಅವ್ವ ಸೆರಗಿನ ತುದಿ ಹಿಂಡುತ್ತ ಕೂತಳು.

“ಗೊತ್ತೈತಿ.”

“ಯಾರ ಹೇಳಿದ್ರು?”

“ಯಾರ ಹೇಳ್ಬೇಕು. ನೋಡೇನಿ.”

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

“ತಲಿ ಎತ್ತಲಿಲ್ಲ. ಕಣ್ಣಷ್ಟ ಎತ್ತಿದೆ. ನಿಮ್ಮಪ್ಪ ತೀರಿಕೊಂಡ ದಿನಾನೂ ಪೂಜಿಯಾಗ ಕಣ್ಣ ಕದಲಿಸಿದಾಕಿ ಅಲ್ಲ ನಾ. ಒಂದ ಹುಲಿಗೆ ಕದಲಿಸಿದೆ. ಹೆಂಗ ಹೇಳ್ಲಿ ನಿಮಗ?”

ಐದು ದಿನದಿಂದ ನಾವು ಅವಳಿಂದ ಮುಚ್ಚಿಟ್ಟಿದ್ದೇವೆ, ಅವಳು ನಮ್ಮಿಂದ ಮುಚ್ಚಿಟ್ಟಿದ್ದಾಳೆ. ನಗು ಬಂತು. ಅಳುವೂ ಬಂತು.

“ಹೆಂಗಿತ್ತವ್ವಾ?”

“ಭಾಳ ಚಂದಿತ್ತವಾ. ಮತ್ತ ಲಿಂಗಕ್ಕ ದೃಷ್ಟಿ ಹಚ್ಚಿದ್ರ ಅಲ್ಲೂ ಅದ ಕಾಣಾಕತ್ತು.” ನನ್ನ ಕಡೆ ತಿರುಗಿ, “ತಪ್ಪ ಅಂತೀಯೇನು?” ಎಂದಳು.

ಇಲ್ಲವ್ವಾ ಅಂದೆ. ಅವಳ ಕೈ ಹಿಡಿದುಕೊಂಡೆ.

“ಅಳಿಯಾಂದ್ರಿಗೆ ಹೇಳಬ್ಯಾಡ. ಪಾಪ, ಇಷ್ಟ ತಿರಗ್ಯಾರ.”

ಇದನ್ನು ಬರೆಯುತ್ತಿರುವಾಗಲೇ ಇವರು ಬಂದರು. ಮೋರೆ ಅರಳಿದೆ. ನಾಳೆಗೂ ಜೀಪು ಸಿಕ್ಕಿತಂತೆ, ಒಂದು ದಿನ ಹೆಚ್ಚಿಗೆ ಇರೋಣವಂತೆ. “ನಾಳಿ ನಕ್ಕೀ ಕಾಣತೈತ್ರಿ ಅತ್ತಿ!”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದಾಳೆ. ನಾನು ತಲೆ ಎತ್ತಿದರೆ ಇಬ್ಬರೂ ನಕ್ಕುಬಿಡುತ್ತೇವೆ, ಅದಕ್ಕೇ ಸುಮ್ಮನೆ ಬರೆಯುತ್ತಲೇ...